ಅಪ್‌ಡೇಟ್: ಸ್ಟ್ಯಾಂಡ್ ಬದಲಿಸದೆ ತೂತು ನೆಟ್ಟಗಾಯಿತು

ಹಲಸಿನ ಮರದ ಸಣ್ಣ ಪೆಟ್ಟಿಗೆಗೆ ಹಿತ್ತಾಳೆ ಮೊಳೆ ಕೂರಿಸಲು 1.5 ಮಿ.ಮೀ. ತೂತು ಬೇಕು, ರೋಟರಿ ಟೂಲನ್ನು (ಕೈಯಲ್ಲಿ ಹಿಡಿಯುವ ಸಣ್ಣ ಕೊರೆಯುವ ಯಂತ್ರ) ಸ್ಟ್ಯಾಂಡ್‌ಗೆ ಹಾಕಿ ಕೊರೆದರೂ ವಾಲುತ್ತದೆ ಅಂತ ಕೇಳಿದ್ದೆ ಅಲ್ವಾ, ಈಗ ಸರಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ತೊಂದರೆ ಇದ್ದಿದ್ದು ಟೂಲನ್ನು ಹಿಡಿದಿರುವ ಸ್ಟ್ಯಾಂಡಿನ ತಲೆಯಲ್ಲೇ. ಹಿಡಿ ಇಳಿಸಿ ಬಿಟ್ (ಕೊರೆಯುವ ಕಡ್ಡಿ) ಮರಕ್ಕೆ ತಾಗಿದ ಕೂಡಲೇ ಪ್ಲಾಸ್ಟಿಕ್ ತಲೆ ಚೂರು ಹಿಂದಕ್ಕೆ ಬಾಗಿ, ತುದಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತಿತ್ತು. ತಲೆ ಅಲುಗದಂತೆ ಕಂಬದ ಸಂದಿಗೆ ತೆಳು ಟೇಪ್ ಸುತ್ತಿದೆ, ಬುಡವನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿದೆ. ಬಿಟ್ಟನ್ನು ಕೊಲೆಟ್‌ನೊಳಗೆ (ಬಿಟ್ ಹಿಡಿದಿಡುವ ಬಳೆ) ಆದಷ್ಟು ತಳ್ಳಿ, ತೂತಿನ ಆಳಕ್ಕಿಂತ ಸ್ವಲ್ಪವೇ ಜಾಸ್ತಿ ಹೊರಗೆ ಬಿಟ್ಟೆ. ಉದ್ದ ಬಿಟ್ಟಷ್ಟೂ ಅದು ಬಳುಕುತ್ತದೆ.

ಜಾಸ್ತಿ ಉಪಯೋಗವಾಗಿದ್ದು ಮಾತ್ರ ಇಲ್ಲೇ ಶಿರಸಿಯ, ಮರದ ಕೆತ್ತನೆ ಮಾಡುವ ಗುಡಿಗಾರರೊಬ್ಬರು ತೋರಿಸಿದ ಕೆಲಸ. ಕೊರೆಯುವ ಮೊದಲು ಚೂಪಾದ ದಬ್ಬಳದಿಂದ ಗುರುತಿನ ಮೇಲೆ ಒತ್ತಿ ಸಣ್ಣ ಗುಳಿ ಮಾಡಬೇಕು. ಹಲಸಿನ ಮರದ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ, ಗುಳಿ ಇಲ್ಲದಿದ್ದರೆ ಬಿಟ್ ಗಟ್ಟಿ ಎಳೆಯಿಂದ ಜಾರಿ ಮೆತ್ತಗಿರುವ ಕಡೆಗೆ ಹೋಗುತ್ತದೆ. ಅವರ ಕೈ ನೋಡುವುದೇ ಒಂದು ಖುಷಿ.

ವೇಗ ಕಡಿಮೆಯೇ ಇರಲಿ. ಒಂದೇ ಸಲ ಒತ್ತಬೇಡಿ, ಆಗಾಗ ಮೇಲೆತ್ತಿ ಪುಡಿ ಹೊರಹಾಕಿ. ಈ ಮಳೆಗಾಲದಲ್ಲಂತೂ ಪುಡಿ ಬಿಟ್ಟಿನ ಸುರುಳಿಗೆ ಅಂಟಿಕೊಂಡು ತೂತಿನ ಅಂಚು ಸುಟ್ಟು ಕಪ್ಪಾಗುತ್ತದೆ. ಕೊರೆಯುವ ಮರದ ಕೆಳಗೆ ಒಂದು ಬೇಡದ ಹಲಗೆ ತುಂಡು ಇಟ್ಟರೆ ಹಿಂಬದಿ ಸಿಬಿರು ಏಳುವುದಿಲ್ಲ.