ಮೂರನೇ ವಾರಕ್ಕೇ ಲೆಕ್ಕ ತಪ್ಪುವ ಮನೆ ಬಜೆಟ್: ಪ್ರಶ್ನೋತ್ತರ

ಪ್ರಶ್ನೆ: ನಾವು ದಂಪತಿ ಇಬ್ಬರೂ ದುಡಿಯುತ್ತೇವೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಈ ವರ್ಷ ಮೂರು ಸಲ ತಿಂಗಳ ಬಜೆಟ್ ಬರೆದೆವು. ಮೂರು ಸಲವೂ ಮೂರನೇ ವಾರದ ಹೊತ್ತಿಗೆ ಲೆಕ್ಕ ತಪ್ಪಿ ಪುಸ್ತಕ ಮುಚ್ಚಿಟ್ಟೆವು. ನಾವು ದುಂದುವೆಚ್ಚ ಮಾಡುವವರಲ್ಲ. ಮತ್ತೆ ಎಲ್ಲಿಂದ ಆರಂಭಿಸಬೇಕು?

ಉತ್ತರ (ಹಣಕಾಸು ಸಲಹೆಗಾರರು): ಹೊಸ ಬಜೆಟ್ ಬರೆಯುವುದನ್ನು ಸದ್ಯಕ್ಕೆ ಬದಿಗಿಟ್ಟು, ಹಿಂದಿನ 12 ತಿಂಗಳ ಬ್ಯಾಂಕ್ ವಿವರವನ್ನು ಮುಂದಿಟ್ಟುಕೊಂಡು ಕೂರಿ. ದಿನನಿತ್ಯದ ಚಿಲ್ಲರೆ ಖರ್ಚನ್ನು ಹುಡುಕುವ ಮೊದಲು, ಪ್ರತಿ ತಿಂಗಳೂ ಬರದ, ಆದರೆ ವರ್ಷದಲ್ಲಿ ಬಂದೇ ತೀರುವ ಖರ್ಚುಗಳಿಗೆ ಗುರುತು ಹಾಕಿ: ಶಾಲಾ ಶುಲ್ಕ, ವಿಮೆಯ ಕಂತು, ವಾಹನದ ದುರಸ್ತಿ, ಕನ್ನಡಕ, ಮದುವೆಯ ಉಡುಗೊರೆ. ನನ್ನ ಬಳಿ ಬರುವ ಲೆಕ್ಕದ ಪುಸ್ತಕಗಳಲ್ಲಿ ಬಾಡಿಗೆ, ದಿನಸಿ, ವಿದ್ಯುತ್ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ‘ಇತರೆ’ ಎಂಬ ಕೊನೆಯ ಸಾಲು ಮಾತ್ರ ಊದಿಕೊಂಡಿರುತ್ತದೆ. ಆ ಸಾಲನ್ನು ಬಿಡಿಸಿ ನೋಡಿದರೆ ಸಿಗುವುದು ಬಹುಪಾಲು ಇಂಥ ಖರ್ಚುಗಳೇ.

ತಿಂಗಳ ಆದಾಯವನ್ನು 100 ಪಾಲು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶಾಲಾ ಶುಲ್ಕ 84 ಪಾಲು, ವಿಮೆ 36, ದುರಸ್ತಿ 24 ಆದರೆ ಒಟ್ಟು 144. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 12 ಪಾಲು. ಅಂದರೆ ನಿಮ್ಮ ಕೈಯಲ್ಲಿ ಖರ್ಚಿಗೆ ಇದ್ದದ್ದು 88 ಪಾಲು, ನೀವು ಬಜೆಟ್ ಬರೆದದ್ದು 100 ಪಾಲಿಗೆ. ಈ 12 ಪಾಲನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ವರ್ಗಾಯಿಸಬೇಕು. ಇಲ್ಲೊಂದು ತೊಡಕಿದೆ: 42 ಪಾಲಿನ ಮುಂದಿನ ಶುಲ್ಕದ ಕಂತು 4 ತಿಂಗಳಲ್ಲೇ ಕಟ್ಟಬೇಕಿದ್ದರೆ, ಅಲ್ಲಿಯವರೆಗೆ ಶುಲ್ಕಕ್ಕೆ ತಿಂಗಳಿಗೆ 7 ಪಾಲು ಸಾಲದು, ಹತ್ತೂವರೆ ಪಾಲು ಎತ್ತಿಡಬೇಕಾಗುತ್ತದೆ. ಮೊದಲ ಕೆಲವು ತಿಂಗಳು ಕೈ ಬಿಗಿಯಾಗುವುದು ಇದೇ ಕಾರಣಕ್ಕೆ. ದಯವಿಟ್ಟು ಅದನ್ನು ನಿಮ್ಮ ಸೋಲೆಂದು ಭಾವಿಸಬೇಡಿ.

ಅಗತ್ಯಕ್ಕೆ ಶೇ 50, ಇಷ್ಟದ ಖರ್ಚಿಗೆ ಶೇ 30, ಉಳಿತಾಯಕ್ಕೆ ಶೇ 20 ಎಂಬ ಸೂತ್ರವನ್ನು ನೀವು ಕೇಳಿರಬಹುದು. ಹೋಲಿಸಿ ನೋಡಲು ಅದು ಸರಿ, ಆರಂಭಿಸಲು ಅಲ್ಲ. ಬಾಡಿಗೆಯೊಂದೇ ಆದಾಯದ ಮೂರನೇ ಒಂದು ಭಾಗವನ್ನು ನುಂಗುವ ಮನೆಗೆ ಆ ಅಳತೆ ಹೊಂದುವುದು ಕಷ್ಟ.

ಇನ್ನೊಬ್ಬರ ಪ್ರಶ್ನೆ: ನನಗೆ ನಿಗದಿತ ಸಂಬಳವಿಲ್ಲ, ಒಂದು ತಿಂಗಳು ಹೆಚ್ಚು, ಮತ್ತೊಂದು ತಿಂಗಳು ಅರ್ಧಕ್ಕಿಂತ ಕಡಿಮೆ. ಕಡಿಮೆ ಬಂದಾಗ ಕ್ರೆಡಿಟ್ ಕಾರ್ಡ್ ಬಳಸಿ, ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದೇನೆ.

ಉತ್ತರ: ಮೊದಲು ಆ ಕಾರ್ಡಿನ ಬಾಕಿಯತ್ತ ಗಮನ ಕೊಡಿ. ತಿಂಗಳಿಗೆ ಶೇ 3ರಷ್ಟು ಬಡ್ಡಿ ಎಂದರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇ 42ಕ್ಕೂ ಹೆಚ್ಚು. ಯಾವ ಸಾಮಾನ್ಯ ಉಳಿತಾಯದ ಗಳಿಕೆಯೂ ಅದನ್ನು ಸರಿಗಟ್ಟುವುದಿಲ್ಲ. ಬಜೆಟ್ಟನ್ನು ಸರಾಸರಿ ಆದಾಯದ ಮೇಲಲ್ಲ, ಕಳೆದ ವರ್ಷದ ಅತಿ ಕಡಿಮೆ ಆದಾಯದ ತಿಂಗಳ ಮೇಲೆ ಕಟ್ಟಿ. ಹೆಚ್ಚು ಬಂದ ತಿಂಗಳಿನ ಮಿಗತೆಯಲ್ಲಿ ಮೊದಲು ಬಾಕಿ ತೀರಲಿ, ಆಮೇಲೆ ಒಂದು ತಿಂಗಳ ಅಗತ್ಯ ಖರ್ಚಿನಷ್ಟು ಹಣ ಕೂಡಲಿ. ಅಷ್ಟು ಕೂಡಿದ ಮೇಲೆ ಈ ತಿಂಗಳ ಗಳಿಕೆಯಿಂದ ಮುಂದಿನ ತಿಂಗಳನ್ನು ನಡೆಸಬಹುದು, ಮತ್ತು ಏರಿಳಿತದ ಆತಂಕ ಬಹುಮಟ್ಟಿಗೆ ತಗ್ಗುತ್ತದೆ.

ಮೊದಲು ಕೇಳಿದವರು: ಲೆಕ್ಕ ಬರೆಯುವವಳು ನಾನು. ಪ್ರತಿ ಖರ್ಚಿಗೂ ನನಗೆ ಜವಾಬು ಕೊಡಬೇಕಾಗಿ ಬಂದಂತೆ ಅನ್ನಿಸಿ ಯಜಮಾನರಿಗೆ ಬೇಸರವಾಗುತ್ತದೆ.

ಉತ್ತರ: ಆ ಬೇಸರ ನ್ಯಾಯವಾದದ್ದೇ. ಇಬ್ಬರಿಗೂ ಸಮನಾದ ಒಂದು ಸಣ್ಣ ಮೊತ್ತವನ್ನು ಬಜೆಟ್ಟಿನಲ್ಲೇ ತೆಗೆದಿಡಿ. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರೆಂದು ಅವರು ನಿಮಗೆ ಹೇಳಬೇಕಿಲ್ಲ, ನೀವೂ ಅವರಿಗೆ ಹೇಳಬೇಕಿಲ್ಲ. ಉಳಿದ ಲೆಕ್ಕವನ್ನು ವಾರಕ್ಕೊಮ್ಮೆ, ಹದಿನೈದು ನಿಮಿಷ, ಇಬ್ಬರೂ ಜೊತೆಗೆ ಕುಳಿತು ಬರೆಯಿರಿ. ಒಂದು ವಾರ ಪೆನ್ನು ನಿಮ್ಮ ಕೈಯಲ್ಲಿದ್ದರೆ ಮರುವಾರ ಅವರ ಕೈಯಲ್ಲಿರಲಿ.