ಸಹಾಯ ಬೇಕು: ಇಂಗ್ಲಿಷಿನ ‘ಪೆನಂಬ್ರಾ’ಗೆ (penumbra) ಕನ್ನಡದಲ್ಲಿ ಎಲ್ಲ ಕಡೆ ‘ಅರೆನೆರಳು’ ನಡೆಯುತ್ತದೆಯೇ?

ಗ್ರಹಣದ ಪಾಠದಲ್ಲಿ ತೊಡಕಿಲ್ಲ. ಸೂರ್ಯಬಿಂಬ ಭಾಗಶಃ ಮರೆಯಾದ ಜಾಗ ಅರೆನೆರಳು, ಪೂರ್ತಿ ಮರೆಯಾದದ್ದು ದಟ್ಟನೆರಳು. ಬಿಸಿಲಿಗೆ ನೇರ ಎದುರಾದ ಹಲಗೆಯಿಂದ 1 ಮೀಟರ್ ದೂರ ಪೆನ್ಸಿಲ್ ಹಿಡಿಯಿರಿ: ನೆರಳಿನ ಅಂಚು ಸುಮಾರು 9 ಮಿ.ಮೀ. ಮಸುಕು. 7 ಮಿ.ಮೀ. ದಪ್ಪದ ಪೆನ್ಸಿಲ್ಲಿಗೆ ಅಲ್ಲಿ ದಟ್ಟನೆರಳೇ ಉಳಿದಿರುವುದಿಲ್ಲ!

ಪೇಚಾಟ ಮುಂದಿನದು. ಸೂರ್ಯಕಲೆಯ (ಸೂರ್ಯನ ಮೇಲ್ಮೈಯಲ್ಲಿ ಕಾಣುವ ಕಪ್ಪು ಮಚ್ಚೆ) ಕಪ್ಪು ನಡುವಿನ ಸುತ್ತ ಎಳೆಎಳೆಯಾಗಿ ಕಾಣುವ ಪಟ್ಟಿಯೂ ಪೆನಂಬ್ರಾ. ಅಲ್ಲಿ ನೆರಳೇ ಇಲ್ಲ, ಕಾಂತಕ್ಷೇತ್ರದಿಂದ ತುಸು ತಣ್ಣಗಾದ ಮೇಲ್ಮೈ ಅಷ್ಟೆ. ಪಾರ್ಶ್ವವಾಯುವಿನಲ್ಲಿ ರಕ್ತ ಕಡಿಮೆಯಾದರೂ ಇನ್ನೂ ಸಾಯದ, ಬೇಗ ರಕ್ತ ಹರಿಸಿದರೆ ಉಳಿಯಬಲ್ಲ ಮಿದುಳಿನ ಭಾಗಕ್ಕೂ ಅದೇ ಹೆಸರು. ‘ಮಿದುಳಿನ ಅರೆನೆರಳು’ ಎಂದರೆ ಸ್ಕ್ಯಾನಿನಲ್ಲಿ ಕಂಡ ಮಬ್ಬು ಅಂದುಕೊಳ್ಳುವ ಅಪಾಯವಿದೆ. ಅದೂ ನೆರಳನ್ನೇ ಹೇಳುವುದರಿಂದ ‘ಉಪಛಾಯೆ’ಯೂ ಇಲ್ಲಿ ಉಪಯೋಗಕ್ಕಿಲ್ಲ.

ಈ ಎರಡಕ್ಕೆ ಬೇರೆ ಪದ ಬಳಸುತ್ತಿದ್ದರೆ, ಒಂದು ವಾಕ್ಯದಲ್ಲಿಟ್ಟು ತಿಳಿಸಿ.