ಅಪ್‌ಡೇಟ್: ಜಿಎನ್‌ಎಂ ಆದ ಮೇಲೆ ಪೋಸ್ಟ್ ಬೇಸಿಕ್‌ಗೆ ಸೇರಿದೆ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮಂಡ್ಯದ ನರ್ಸಿಂಗ್ ಹೋಂನಲ್ಲಿ ಕೆಲಸದಲ್ಲಿದ್ದೆ. 4 ವರ್ಷದ ಬಿ.ಎಸ್ಸಿ ನರ್ಸಿಂಗ್ ಮೊದಲಿಂದ ಓದಬೇಕಾ, ಜಿಎನ್‌ಎಂ ಆದವರಿಗೆ ಅಂತಲೇ ಇರೋ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಸಾಕಾ ಅಂತ ಇಲ್ಲಿ ಕೇಳಿದ್ದೆ. ಪೋಸ್ಟ್ ಬೇಸಿಕ್‌ಗೇ ಸೇರಿದೆ, ಮೈಸೂರಿನಲ್ಲಿ.

"ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಅಂತ ಒಂದು ಕಾಲೇಜಿನವರು ಹೇಳಿದ್ದರು. ಆಸೆ ಆಯ್ತು, ಸಂಬಳ ಉಳಿಯುತ್ತಲ್ವಾ! ಆದರೆ ನರ್ಸಿಂಗ್ ಕೌನ್ಸಿಲ್ ನಿಯಮದಲ್ಲಿ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು. ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ (ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಹಾಜರಾತಿ ಪೂರ್ತಿ ಶೇ. 100 ಆಗಿರಬೇಕು. ಹಾಗಾಗಿ ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಸೇರುವ ಮೊದಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ ನೋಡಿಕೊಂಡೆ. ಸೇರಬೇಕಾದರೆ ನರ್ಸ್ ಮತ್ತು ಮಿಡ್‌ವೈಫ್ (ಹೆರಿಗೆ ನರ್ಸ್) ಅಂತ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಲೇಬೇಕು. ಇಲ್ಲದವರು ಮೊದಲು ಅದನ್ನ ಮಾಡಿಸಿ.

ಓದು? ಮೆಡಿಕಲ್ ಸರ್ಜಿಕಲ್, ಮಕ್ಕಳ ನರ್ಸಿಂಗ್ ಎಲ್ಲ ಗೊತ್ತಿರೋದೇ. ನನ್ನನ್ನ ಸುಸ್ತು ಮಾಡಿದ್ದು ಬಯೋಕೆಮಿಸ್ಟ್ರಿ. ವಾರ್ಡಲ್ಲಿ ದಿನಾ ಶುಗರ್ ಚೆಕ್ ಮಾಡ್ತಿದ್ದವಳಿಗೆ ಆ ಸಕ್ಕರೆ ಮೈಯೊಳಗೆ ಏನಾಗುತ್ತೆ ಅಂತ ಬರೆಯೋದು ಕಷ್ಟ ನೋಡಿ! ಎರಡನೇ ವರ್ಷ ರಿಸರ್ಚ್, ಅಂಕಿಅಂಶ ಬರುತ್ತೆ. ಸೀನಿಯರ್‌ಗಳು ಈಗಲೇ ಹೆದರಿಸ್ತಿದ್ದಾರೆ.

ಎಂ.ಎಸ್ಸಿ ಬಗ್ಗೆ ಕೇಳಿದ್ದವರಿಗೆ: ಪೋಸ್ಟ್ ಬೇಸಿಕ್ ಆದವರೂ ಹೋಗಬಹುದು. 1 ವರ್ಷದ ಅನುಭವ ಬೇಕು, ಪೋಸ್ಟ್ ಬೇಸಿಕ್‌ಗೆ ಸೇರುವ ಮೊದಲಿನದ್ದೂ ನಡೆಯುತ್ತೆ. ನನ್ನ ಅನುಭವ ಪತ್ರ ಇನ್ನೂ ನರ್ಸಿಂಗ್ ಹೋಂನ ಹಳೇ ಮೇಡಂ ಹತ್ರಾನೇ ಇದೆ, ಮುಂದಿನ ವಾರ ಹೋಗಿ ಇಸ್ಕೊಂಡು ಬರಬೇಕು.